ನೀರು ಬಂದ ಊರು, ನೀರು ಬಾರದ ಊರು

ಮಂಡ್ಯ, ಮದ್ದೂರು, ಮಳವಳ್ಳಿ ಎಂದೊಡನೆ ಕಣ್ಣಿಗೆ ಕಟ್ಟುವುದು ವಿಶ್ವೇಶ್ವರಯ್ಯ ನಾಲೆ, ಕಬ್ಬಿನ ಗದ್ದೆ, ಆಲೆಮನೆಯ ಹೊಗೆ. ಅರ್ಥಶಾಸ್ತ್ರದ ಒಂದು ದೊಡ್ಡ ಪ್ರಶ್ನೆಗೆ ಈ ಸೀಮೆಯೇ ಪರೀಕ್ಷೆಯ ಕಣವಾಗಿತ್ತೆಂಬುದನ್ನು ನಮ್ಮಲ್ಲಿ ಬಲ್ಲವರು ವಿರಳ.

ಕನ್ನಂಬಾಡಿಯ ನೀರು ನಾಲೆಗೆ ಇಳಿದದ್ದು 1930ರ ದಶಕದಲ್ಲಿ. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಹುಟ್ಟಿತು. 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯಾಯಿತು. ಹೊಲಕ್ಕೆ ನೀರು ಬಂದರೆ ಊರಿನ ಬಾಳೂ ಬದಲಾಗುವುದೇ?

ಈ ಪ್ರಶ್ನೆಯನ್ನು ಹೊತ್ತು 1954ರಲ್ಲಿ ಬಂದವರು ಸ್ಕಾರ್ಲೆಟ್ ಎಪ್‌ಸ್ಟೈನ್. ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳಿಂದ ಪಾರಾಗಿ ಇಂಗ್ಲೆಂಡನ್ನು ಸೇರಿದ್ದ ಈಕೆ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ಸಂಶೋಧಕಿ. ಮಂಡ್ಯದ ಬಳಿಯ ಎರಡು ಹಳ್ಳಿಗಳಲ್ಲಿ 1956ರವರೆಗೆ ನಿಂತು ಮನೆಮನೆಯ ಆದಾಯ ವೆಚ್ಚ ಬರೆದುಕೊಂಡರು. 1962ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಆ ಊರುಗಳ ನಿಜನಾಮವನ್ನು ಮರೆಸಿ ವಂಗಾಲ, ದಲೇನ ಎಂದು ಕರೆದರು.

ವಂಗಾಲಕ್ಕೆ ನಾಲೆಯ ನೀರು ಸಿಕ್ಕಿತು. ಎತ್ತರದಲ್ಲಿದ್ದ ದಲೇನಕ್ಕೆ ಸಿಗಲಿಲ್ಲ. ಹೊಸ ಬಾಳು ಮೊದಲನೆಯದಕ್ಕೆ, ಹಳೆಯದು ಎರಡನೆಯದಕ್ಕೆ ಎಂದು ಯಾರಾದರೂ ಊಹಿಸಿಯಾರು. ಆದದ್ದು ತಿರುಗುಮುರುಗು. ವಂಗಾಲದ ರೈತ ಕಬ್ಬು ಬೆಳೆದು ಸಿರಿವಂತನಾದ. ಆದರೆ ಬೇಸಾಯ ಬಿಡಲಿಲ್ಲ, ಒಕ್ಕಲಿಗನಿಗೂ ದಲಿತ ಆಳಿಗೂ ಇದ್ದ ಪರಂಪರೆಯ ಕಟ್ಟು ಸಡಿಲಲಿಲ್ಲ. ದಲೇನದವರಾದರೋ ಪಟ್ಟಣದ ಕೆಲಸ, ಗಾಡಿಯ ಬಾಡಿಗೆ, ಗಿರಣಿ, ನೆರೆಯೂರಿನ ನೀರಾವರಿ ಜಮೀನು ಎಂದು ಹೊರಗೆ ಕಾಲಿಟ್ಟರು. ಅಲ್ಲಿ ಹಳೆಯ ಕಟ್ಟು ಕಳಚಿತು.

ಆ ಕಟ್ಟನ್ನು ಬರಿಯ ದಬ್ಬಾಳಿಕೆಯೆಂದು ತಳ್ಳಿಬಿಡುವುದೂ ಸುಲಭವಲ್ಲ. ಆಳಿಗೆ ವರ್ಷಕ್ಕೆ ಇಷ್ಟು ಧಾನ್ಯವೆಂಬ ಗೊತ್ತಿತ್ತು. ಬೆಳೆ ಕೆಟ್ಟ ವರ್ಷ ಅದೇ ಅವನ ಪ್ರಾಣ ಉಳಿಸುತ್ತಿತ್ತು. ಬೆಳೆ ತುಂಬಿದ ವರ್ಷದ ಹೆಚ್ಚಳವೆಲ್ಲ ಒಡೆಯನದು. ಎಪ್‌ಸ್ಟೈನ್ 1967ರ ಲೇಖನವೊಂದರಲ್ಲಿ ಈ ಲೆಕ್ಕವನ್ನು ಬಿಡಿಸಿಟ್ಟರು. 1970ರಲ್ಲಿ ಮರಳಿ ಬಂದಾಗ ಉಳ್ಳವರಿಗೂ ಇಲ್ಲದವರಿಗೂ ನಡುವಿನ ಅಂತರ ಹಿಗ್ಗಿದ್ದುದನ್ನು ಕಂಡು, 1973ರಲ್ಲಿ ಇನ್ನೊಂದು ಗ್ರಂಥವನ್ನೇ ಬರೆದರು.

ಈ ನಡುವೆ, 1972ರಲ್ಲಿ, ನಮ್ಮ ನಾಡಿಗೂ ಇಂಥ ಅಧ್ಯಯನದ ಒಂದು ನೆಲೆ ದೊರೆಯಿತು. ದೆಹಲಿಯಲ್ಲಿ ಅರ್ಥಶಾಸ್ತ್ರದ ವಿದ್ಯಾಲಯವನ್ನು ಕಟ್ಟಿದ್ದ ಡಾ. ವಿ. ಕೆ. ಆರ್. ವಿ. ರಾವ್ ಅವರು ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಪರಿವರ್ತನಾ ಸಂಸ್ಥೆಯನ್ನು ಸ್ಥಾಪಿಸಿ, ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರನ್ನು ಜೊತೆಗೆ ಕರೆದುಕೊಂಡರು. ಅರ್ಥವನ್ನೂ ಸಮಾಜವನ್ನೂ ಒಂದೇ ಸೂರಿನಡಿ ತಂದ ಈ ಜೋಡಣೆಯ ಔಚಿತ್ಯ ಮಂಡ್ಯದ ಆ ಎರಡು ಊರುಗಳನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಮಟ್ಟಿಗೆ ಇದರಿಂದ ಕಲಿಯಬೇಕಾದ ಪಾಠ ಒಂದೇ. ಯೋಜನೆ ಮಾಡುವವರು ಎಕರೆಗೆ ಎಷ್ಟು ಟನ್ ಕಬ್ಬೆಂದು ಕೇಳಲಿ, ತಪ್ಪಿಲ್ಲ. ಆ ಕಬ್ಬು ಕಡಿದ ಆಳಿನ ಮನೆಗೆ ಎಷ್ಟು ರಾಗಿ ಹೋಯಿತೆಂದೂ ಕೇಳಲಿ.