ಊರ ಮಕ್ಕಳಿಗೆ ಶಾಲೆ, ಮನೆಯ ಮಕ್ಕಳಿಗೆ ಹಡಗು

ನಿಘಂಟು ಎಂದರೆ ಕಿಟೆಲ್, ಶಾಸನ ಎಂದರೆ ರೈಸ್, ಮೊದಲ ಪತ್ರಿಕೆ ಎಂದರೆ ಮೋಗ್ಲಿಂಗ್. ಕನ್ನಡ ಓದಿದವರಿಗೆಲ್ಲ ಈ ಹೆಸರುಗಳು ಪರಿಚಿತ. ಆದರೆ ಪಠ್ಯಪುಸ್ತಕಗಳಲ್ಲಿ ಇವರು ಯಾವಾಗಲೂ ಒಂಟಿಯಾಗಿ ಬರುತ್ತಾರೆ. ಅವರಿಗೂ ಒಂದು ಮನೆ ಇತ್ತು, ಆ ಮನೆಯಲ್ಲಿ ಹೆಂಗಸರು, ಮಕ್ಕಳು ಇದ್ದರು, ಆ ಮಕ್ಕಳಿಗೂ ಅಕ್ಷರ ಕಲಿಸಬೇಕಿತ್ತು ಎಂಬ ಸಂಗತಿ ನಮಗೆ ಹೊಳೆಯುವುದಿಲ್ಲ. ಮಂಗಳೂರು, ಧಾರವಾಡ, ಬಳ್ಳಾರಿ, ಬೆಂಗಳೂರುಗಳಲ್ಲಿ ಊರ ಮಕ್ಕಳಿಗಾಗಿ ಶಾಲೆ ತೆರೆದ ಮಿಷನರಿಗಳ ಸ್ವಂತ ಮಕ್ಕಳು ಎಲ್ಲಿ ಓದಿದರು? ಈ ಚಿಕ್ಕ ಪ್ರಶ್ನೆಯ ಬೆನ್ನು ಹಿಡಿದರೆ ಹತ್ತೊಂಬತ್ತನೆಯ ಶತಮಾನದ ಒಂದು ದೊಡ್ಡ ದುಃಖದ ಕತೆ ತೆರೆದುಕೊಳ್ಳುತ್ತದೆ.

ಹೊಳೆಯ ಎರಡು ದಡ

ಹಿರೇಹಡಗಲಿಯ ಸೀಮೆಯಿಂದಲೇ ಈ ಕತೆಯನ್ನು ಆರಂಭಿಸಬಹುದು. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ತಾಲ್ಲೂಕುಗಳು ಬ್ರಿಟಿಷರ ಕಾಲದಲ್ಲಿ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ತುಂಗಭದ್ರೆಯನ್ನು ದಾಟಿದರೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಸರ್ಕಾರದ ಗಡಿಯಂತೆ ಮಿಷನ್ನುಗಳ ಕ್ಷೇತ್ರವೂ ಇಲ್ಲಿ ಹಂಚಿಹೋಗಿತ್ತು. ಪೂರ್ವಕ್ಕೆ ಬಳ್ಳಾರಿಯಲ್ಲಿ ಲಂಡನ್ ಮಿಷನರಿ ಸೊಸೈಟಿ. ಹೊಳೆಯಾಚೆಯ ಧಾರವಾಡ, ಹುಬ್ಬಳ್ಳಿ, ಗದಗ-ಬೆಟಗೇರಿಗಳಲ್ಲಿ ಬಾಸೆಲ್ ಮಿಷನ್.

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಬೈಬಲ್ಲಿನ ಕನ್ನಡ ಅನುವಾದದ ಮೊದಲ ದೊಡ್ಡ ಪ್ರಯತ್ನ ಅವರದು. ಅವರ ಜೊತೆಗೆ ದುಡಿದ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನು, 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದರು. ಬಾಸೆಲ್ ಮಿಷನ್ನಿನ ಮೊದಲ ಮೂವರು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. ಅಲ್ಲಿಂದ ಮೂರೇ ವರ್ಷಗಳಲ್ಲಿ ಅವರು ಘಟ್ಟ ಹತ್ತಿ ಧಾರವಾಡದಲ್ಲಿ ನೆಲೆಯೂರಿದರು. 1843ರಲ್ಲಿ ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ'ವನ್ನು ಹೊರತಂದರು.

ಅಂದಿನ ಪ್ರಯಾಣ ಹೇಗಿತ್ತೆಂಬುದನ್ನು ನೆನೆದರೆ ಮುಂದಿನದು ಅರ್ಥವಾಗುತ್ತದೆ. ಯುರೋಪಿನಿಂದ ಆಫ್ರಿಕದ ತುದಿಯನ್ನು ಬಳಸಿ ಬರುವ ಹಾಯಿ ಹಡಗಿಗೆ ನಾಲ್ಕೈದು ತಿಂಗಳು ಬೇಕಾಗುತ್ತಿತ್ತು. ಮದರಾಸಿನಲ್ಲಿ ಇಳಿದು ಬಳ್ಳಾರಿ ಸೇರಲು ಎತ್ತಿನ ಗಾಡಿಯ ದಾರಿ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೂ ಮೊದಲೇ ಈಜಿಪ್ಟಿನ ನೆಲ ದಾಟಿ ಕೆಂಪು ಸಮುದ್ರದಲ್ಲಿ ಮತ್ತೆ ಹಡಗು ಹತ್ತುವ ದಾರಿ ಬಳಕೆಗೆ ಬಂದು ಪ್ರಯಾಣ ತಗ್ಗಿತ್ತಾದರೂ, ಅದು ವರ್ಷಕ್ಕೊಮ್ಮೆ ಮಾಡಿಬರುವಂಥದಾಗಿರಲಿಲ್ಲ. ಮಿಷನರಿಗೆ ದೀರ್ಘ ರಜೆ ಸಿಗುತ್ತಿದ್ದುದು ಹಲವು ವರ್ಷಗಳಿಗೊಮ್ಮೆ, ಅದೂ ಹೆಚ್ಚಾಗಿ ಆರೋಗ್ಯ ಕೆಟ್ಟಾಗ. ಊರಿಗೆ ಹೋದಮೇಲೂ ಅದು ಬರಿಯ ವಿಶ್ರಾಂತಿಯಲ್ಲ. ಊರೂರು ತಿರುಗಿ ಚರ್ಚುಗಳಲ್ಲಿ ಭಾಷಣ ಮಾಡಿ ಮಿಷನ್ನಿಗೆ ಹಣ ಕೂಡಿಸಬೇಕು, ನೆಂಟರನ್ನು ಕಾಣಬೇಕು. ಇವೆಲ್ಲಕ್ಕಿಂತ ಕಠಿಣವಾದದ್ದು ಕೊನೆಯ ಕೆಲಸ. ಮಕ್ಕಳನ್ನು ಅಲ್ಲಿ ಬಿಟ್ಟು ಬರಬೇಕು.

ಮನೆಪಾಠ ಏಕೆ ಸಾಲದಾಯಿತು?

ಮಿಷನರಿಯ ಮನೆಯಲ್ಲಿ ಮಗು ಮೊದಲ ಐದಾರು ವರ್ಷ ತಾಯಿಯ ಬಳಿಯೇ ಕಲಿಯುತ್ತಿತ್ತು. ಅಕ್ಷರ, ಎಣಿಕೆ, ಬೈಬಲ್ಲಿನ ಕತೆ, ಪ್ರಾರ್ಥನೆಯ ಹಾಡು ಎಲ್ಲವೂ ಮನೆಯ ಪಡಸಾಲೆಯಲ್ಲೇ. ಒಳಗೆ ಜರ್ಮನ್ ಅಥವಾ ಇಂಗ್ಲಿಷ್, ಹೊರಗೆ ಆಯಾಳ ಜೊತೆ, ಅಂಗಳದ ಮಕ್ಕಳ ಜೊತೆ ಕನ್ನಡ, ತುಳು ಅಥವಾ ಮಲಯಾಳ. ಆ ಮೇಲಿನ ಓದಿಗೆ ಮಾತ್ರ ಮನೆ ಸಾಲದು ಎಂದು ಮಿಷನ್ನಿನ ಹಿರಿಯರು ತೀರ್ಮಾನಿಸಿದ್ದರು.

ಕಾರಣಗಳು ಹಲವು. ಇಲ್ಲಿನ ಬಿಸಿಲು ಯುರೋಪಿನ ಮಕ್ಕಳ ಮೈಗೆ ಆಗದೆಂಬುದು ಅಂದಿನ ವೈದ್ಯರ ನಂಬಿಕೆ. ಕಾಲರಾ, ಜ್ವರ, ಆಮಶಂಕೆಗಳಿಂದ ಸತ್ತ ಕೂಸುಗಳ ಗೋರಿಗಳು ಹಳೆಯ ಕ್ರೈಸ್ತ ಸ್ಮಶಾನಗಳಲ್ಲಿ ಸಾಲಾಗಿ ಇರುವುದನ್ನು ನೋಡಿದರೆ ಆ ಭಯ ಸುಳ್ಳಾಗಿರಲಿಲ್ಲ ಎನ್ನಿಸುತ್ತದೆ. ತಂದೆ ತಿಂಗಳಲ್ಲಿ ಎಷ್ಟೋ ದಿನ ಹಳ್ಳಿ, ಸಂತೆ, ಜಾತ್ರೆಗಳಲ್ಲಿ ಬಿಡಾರ ಹೂಡಿ ತಿರುಗುವವನು. ತಾಯಿಗೆ ಹೆಣ್ಣುಮಕ್ಕಳ ಶಾಲೆ, ಹೊಲಿಗೆಯ ತರಗತಿ, ರೋಗಿಗಳ ಆರೈಕೆ. ಇದಕ್ಕಿಂತ ಆಳದಲ್ಲಿ ಇನ್ನೊಂದು ಭಯವಿತ್ತು. ಇಲ್ಲಿಯೇ ಬೆಳೆದರೆ ಮಕ್ಕಳು ಈ ನಾಡಿನ ಮಾತು, ನಡೆ, ನಂಬಿಕೆಗಳಿಗೆ ಒಗ್ಗಿಹೋಗುತ್ತಾರೆ ಎಂಬ ಭಯ. ಜನರ ಭಾಷೆಯನ್ನು ಪ್ರೀತಿಯಿಂದ ಕಲಿತ ಮಿಷನರಿಯೇ ತನ್ನ ಮಗ ಅದೇ ಭಾಷೆಯವನಾಗಿಬಿಡಬಾರದೆಂದು ಕಡಲಾಚೆಗೆ ಕಳಿಸುತ್ತಿದ್ದ. ಆ ಕಾಲದ ಯುರೋಪಿನವರು ಮನಸ್ಸಿನಲ್ಲಿ ಎಳೆದುಕೊಂಡಿದ್ದ ಗೆರೆ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಹೀಗೆ ಬಂದ ಮಕ್ಕಳಿಗೆಂದೇ ಸಂಸ್ಥೆಗಳು ಹುಟ್ಟಿದವು. ಲಂಡನ್ ಬಳಿಯ ವಾಲ್ತಮ್‌ಸ್ಟೋದಲ್ಲಿ 1838ರಲ್ಲಿ ಮಿಷನರಿಗಳ ಹೆಣ್ಣುಮಕ್ಕಳಿಗಾಗಿ, 1842ರಲ್ಲಿ ಗಂಡುಮಕ್ಕಳಿಗಾಗಿ ವಸತಿಶಾಲೆಗಳು ತೆರೆದವು. ಗಂಡುಮಕ್ಕಳ ಶಾಲೆಯೇ ಮುಂದೆ ಎಲ್ತಮ್ ಕಾಲೇಜಾಯಿತು. 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 400 ಮೀಟರ್ ಓಟದ ಚಿನ್ನ ಗೆದ್ದ ಎರಿಕ್ ಲಿಡೆಲ್ ಇಲ್ಲಿಯೇ ಓದಿದವರು. ಅವರು ಚೀನಾದಲ್ಲಿದ್ದ ಲಂಡನ್ ಮಿಷನ್ನಿನ ಕುಟುಂಬದ ಮಗ. ಬಾಸೆಲ್ ಮಿಷನ್ ಕೂಡ 1850ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಮಿಷನರಿಗಳ ಮಕ್ಕಳಿಗಾಗಿ ನಿಲಯವನ್ನು ಆರಂಭಿಸಿತು. ಶಾಲೆಯ ವಯಸ್ಸಿಗೆ ಬಂದ ಮಕ್ಕಳನ್ನು ಅಲ್ಲಿಗೆ ಕಳಿಸುವುದು ಬರಬರುತ್ತ ರೂಢಿಯಾಯಿತು. ಈ ಮಿಷನ್ನಿನಲ್ಲಿ ಮದುವೆಯೂ ತಮ್ಮ ಇಚ್ಛೆಯದಾಗಿರಲಿಲ್ಲ. ಯುವಕ ಅವಿವಾಹಿತನಾಗಿಯೇ ಹೊರಡಬೇಕು, ಕೆಲವು ವರ್ಷ ದುಡಿದಮೇಲೆ ಅನುಮತಿ ಕೇಳಬೇಕು, ಹುಡುಗಿಯನ್ನು ಸಮಿತಿ ಒಪ್ಪಬೇಕು.

ನಾಲ್ಕು ವರ್ಷದ ಮರಿಯಾ

ಈ ಅಗಲಿಕೆಗೆ ಒಂದು ಹೆಸರು ಕೊಡಬೇಕೆಂದರೆ ಮರಿಯಾ ಗುಂಡರ್ಟ್ ಎನ್ನಬೇಕು. ಮಲಯಾಳ ನಿಘಂಟುಕಾರ ಹರ್ಮನ್ ಗುಂಡರ್ಟರ ಈ ಮಗಳು ಹುಟ್ಟಿದ್ದು 1842ರಲ್ಲಿ, ತಲಶ್ಶೇರಿಯಲ್ಲಿ. 1840ರ ದಶಕದ ನಡುವೆ ಕುಟುಂಬ ಯುರೋಪಿಗೆ ಹೋಯಿತು. ತಂದೆ ತಾಯಿ ಮಲಬಾರಿಗೆ ಮರಳಿದಾಗ ನಾಲ್ಕು ವರ್ಷದ ಮರಿಯಾ, ಅವಳ ಅಣ್ಣಂದಿರು ಅಲ್ಲಿಯೇ ಉಳಿದರು. ಅವಳು ಮತ್ತೆ ಭಾರತಕ್ಕೆ ಬಂದದ್ದು 1857ರಲ್ಲಿ, ಹದಿನೈದರ ಹೊತ್ತಿಗೆ. ನಡುವಿನ ಹತ್ತು ವರ್ಷ ತಾಯಿ ತಂದೆ ಎಂದರೆ ಅವಳಿಗೆ ಬರಿಯ ಕಾಗದ. ಆ ಪುನರ್ಮಿಲನವೂ ಹೆಚ್ಚು ಕಾಲ ಬಾಳಲಿಲ್ಲ. ಎರಡೇ ವರ್ಷಕ್ಕೆ ಗುಂಡರ್ಟರು ಆರೋಗ್ಯ ಕೆಟ್ಟು ಭಾರತ ಬಿಟ್ಟರು.

ಮರಿಯಾ ಮುಂದೆ ಮಿಷನರಿ ಚಾರ್ಲ್ಸ್ ಇಸೆನ್‌ಬರ್ಗರನ್ನು ಮದುವೆಯಾದರು. 1870ರಲ್ಲಿ ಅವರು ತೀರಿಕೊಂಡರು. 1874ರಲ್ಲಿ ಅವರ ಕೈಹಿಡಿದ ಯೋಹಾನ್ನೆಸ್ ಹೆಸ್ಸೆ ಕೂಡ ಮಂಗಳೂರಿನಲ್ಲಿ ಮಿಷನ್ ಸೇವೆ ಮಾಡಿ, ಆರೋಗ್ಯ ಕೆಟ್ಟು 1873ರಲ್ಲಿ ಮರಳಿದ್ದವರು. ಇವರ ಮಗನೇ 'ಸಿದ್ಧಾರ್ಥ'ದ ಕರ್ತೃ, 1946ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಹರ್ಮನ್ ಹೆಸ್ಸೆ. ಬಾಲ್ಯದಲ್ಲಿ ತಾಯಿ ಮನೆಯವರನ್ನು ಅಗಲಿ ಬೆಳೆದದ್ದಾದರೆ, ಮಗ ತಂದೆ ತಾಯಿ ಅದೇ ಬಾಸೆಲ್ಲಿನಲ್ಲಿದ್ದಾಗಲೂ ಕೆಲಕಾಲ ಮಿಷನ್ನಿನ ಬಾಲಕರ ನಿಲಯದಲ್ಲಿದ್ದ. ಹೆಸ್ಸೆ 1911ರಲ್ಲಿ ಅಜ್ಜನ, ತಾಯಿಯ ನಾಡನ್ನು ಅರಸಿ ಹಡಗು ಹತ್ತಿದರು. ಸಿಲೋನು, ಮಲಯ, ಸುಮಾತ್ರಗಳನ್ನು ಸುತ್ತಿದರು. ಆದರೆ ಭಾರತದ ನೆಲ ಮುಟ್ಟದೆಯೇ ಹಿಂತಿರುಗಿದರು.

ನಿಘಂಟಿನ ಬೆಲೆ

ಇನ್ನು ನಮ್ಮ ಕಿಟೆಲ್. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನೆಂಡ್ ಕಿಟೆಲರು 1860ರಲ್ಲಿ ಪೌಲಿನಾ ಐತ್ ಅವರನ್ನು ಮದುವೆಯಾದರು. ನಾಲ್ಕೇ ವರ್ಷಕ್ಕೆ, 1864ರಲ್ಲಿ, ಆಕೆ ತೀರಿಕೊಂಡರು. 1867ರಲ್ಲಿ ಆಕೆಯ ಸಹೋದರಿ ಜೂಲಿ ಅವರ ಜೊತೆ ಎರಡನೆಯ ಮದುವೆ. ಈ ನಡುವೆಯೇ ಕೆಲಸ ಸಾಗಿತ್ತು. 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ', 1875ರಲ್ಲಿ ನಾಗವರ್ಮನ 'ಛಂದೋಂಬುಧಿ' ಅವರ ಸಂಪಾದನೆಯಲ್ಲಿ ಹೊರಬಂದವು. 1877ರಲ್ಲಿ ಅವರು ಜರ್ಮನಿಗೆ ಮರಳಿದರು. ಮನೆ ಕೊನೆಗೊಮ್ಮೆ ಒಂದಾಯಿತು ಎನ್ನುವಷ್ಟರಲ್ಲಿ ನಿಘಂಟು ಅವರನ್ನು ಕರೆಯಿತು. ಪದಗಳನ್ನು ಪರಿಶೀಲಿಸಲು ಕನ್ನಡ ಬಲ್ಲ ಪಂಡಿತರ ನೆರವು ಬೇಕಿತ್ತು. ಅದು ಜರ್ಮನಿಯಲ್ಲಿ ಸಿಗುವಂಥದಲ್ಲ. 1883ರಲ್ಲಿ ಹೆಂಡತಿ ಮಕ್ಕಳನ್ನು ಅಲ್ಲಿಯೇ ಬಿಟ್ಟು, ಐವತ್ತು ದಾಟಿದ ಕಿಟೆಲರು ಮತ್ತೆ ಬಂದರು. ಮರಳಿ ಮನೆ ಸೇರಿದ್ದು 1892ರಲ್ಲಿ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಸುಮಾರು 70,000 ಪದಗಳ ನಿಘಂಟು ಹೊರಬಂತು. ಆ ಒಂಬತ್ತು ವರ್ಷ ಯಾರ ಮನೆಯಿಂದ ಕಳೆದು ಯಾರ ಭಾಷೆಗೆ ಸೇರಿತು ಎಂಬುದನ್ನು ನಾವು ಲೆಕ್ಕ ಹಾಕಬೇಕು.

ಕಳಿಸಿದ ಮಕ್ಕಳೆಲ್ಲ ಪರಕೀಯರಾಗಿಯೇ ಉಳಿದರೆಂದಲ್ಲ. ಬೆಂಗಳೂರಿನಲ್ಲಿ ಲಂಡನ್ ಮಿಷನ್ನಿನ ಸೇವೆಯಲ್ಲಿ 1837ರಿಂದ 1887ರವರೆಗೆ ಐವತ್ತು ವರ್ಷ ಕಳೆದ ಬೆಂಜಮಿನ್ ರೈಸರ ಮಗ ಬಿ.ಎಲ್. ರೈಸ್ ಹುಟ್ಟಿದ್ದು 1837ರಲ್ಲಿ, ಬೆಂಗಳೂರಿನಲ್ಲಿಯೇ. ಓದಿದ್ದು ಇಂಗ್ಲೆಂಡಿನಲ್ಲಿ. 1860ರಲ್ಲಿ ಶಿಕ್ಷಕರಾಗಿ ಹುಟ್ಟಿದೂರಿಗೇ ಮರಳಿ, ಮುಂದೆ ಸುಮಾರು 9,000 ಶಾಸನಗಳನ್ನು ಸಂಗ್ರಹಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಪ್ರಕಟಿಸಿದರು. ಅವರ ತಮ್ಮ ಇ.ಪಿ. ರೈಸ್ ತಂದೆಯ ಮಿಷನ್ನಿಗೇ ಸೇರಿ ಕನ್ನಡ ಸಾಹಿತ್ಯ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು. ದೂರ ಕಳಿಸಿದರೂ ಹುಟ್ಟಿದ ಮಣ್ಣು ಇಬ್ಬರನ್ನೂ ಎಳೆದುಕೊಂಡಿತು.

ಈ ಕಡೆಯ ಮನೆಗಳು

ಮಿಷನ್ನಿನ ದೆಸೆಯಿಂದ ಒಡೆದದ್ದು ಯುರೋಪಿನವರ ಮನೆಗಳು ಮಾತ್ರವಲ್ಲ. 1844ರಲ್ಲಿ ಮಂಗಳೂರಿನ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ಕ್ರೈಸ್ತರಾದಾಗ ಊರಿಗೆ ಊರೇ ಕದಡಿತು. ಅವರ ಪತ್ನಿ ಅವರ ಜೊತೆ ಬಾಳಲು ಬರಲಿಲ್ಲ. 1846ರಲ್ಲಿ ಮೋಗ್ಲಿಂಗರೊಡನೆ ಕಡಲು ದಾಟಿದ ಕೌಂಡಿನ್ಯರು ಬಾಸೆಲ್ಲಿನಲ್ಲಿ ಓದಿ, 1851ರಲ್ಲಿ ದೀಕ್ಷೆ ಪಡೆದು ಮರಳಿದರು. 1860ರಲ್ಲಿ ಜರ್ಮನ್ ಮಹಿಳೆ ಮರಿಯಾ ರೈನ್‌ಹಾರ್ಟ್ ಅವರನ್ನು ಮದುವೆಯಾದರು. ಮಿಷನರಿಗಳ ತ್ಯಾಗವನ್ನು ಕೊಂಡಾಡುವ ಬರಹಗಳಲ್ಲಿ ಆ ಮೊದಲ ಪತ್ನಿಗೆ ದೊರೆಯುವ ಜಾಗ ಬಲು ಚಿಕ್ಕದು. ಮಿಷನರಿಯ ಮಗು ಅತ್ತರೆ ಅದರ ಕಾಗದಗಳು ಬಾಸೆಲ್ಲಿನ ದಫ್ತರಗಳಲ್ಲಿ ಉಳಿದವು. ಇಲ್ಲಿನ ತಾಯಂದಿರ ಅಳುವನ್ನು ಬರೆದಿಟ್ಟವರು ವಿರಳ.

ಕಾಲ ಕಳೆದಂತೆ ಮಕ್ಕಳನ್ನು ಅಷ್ಟು ದೂರ ಕಳಿಸುವ ಅಗತ್ಯ ತಗ್ಗಿತು. ದಕ್ಷಿಣದ ಬೆಟ್ಟದೂರುಗಳಲ್ಲಿ ಮಿಷನರಿ ಮಕ್ಕಳಿಗೆ ಶಾಲೆಗಳು ಬಂದವು. ನೀಲಗಿರಿಯ ಕೂನೂರಿನಲ್ಲಿ 1899ರಲ್ಲಿ ಹೆಬ್ರಾನ್, ಕೊಡೈಕನಾಲಿನಲ್ಲಿ 1901ರಲ್ಲಿ ಅಮೆರಿಕನ್ ಮಿಷನರಿಗಳ ಶಾಲೆ. ಬೇಸಗೆಯಲ್ಲಿ ತಾಯಂದಿರು ಬೆಟ್ಟ ಹತ್ತಿ ಮಕ್ಕಳೊಡನೆ ಇರುವುದು ಸಾಧ್ಯವಾಯಿತು. ಬಾಸೆಲ್ಲಿನ ಜರ್ಮನ್ ಕುಟುಂಬಗಳಿಗಾದರೋ ಒಂದಾಗುವ ಗಳಿಗೆ ಬೇರೊಂದು ರೀತಿಯಲ್ಲಿ ಬಂತು. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಬ್ರಿಟಿಷರು ಜರ್ಮನ್ ಮಿಷನರಿಗಳನ್ನು ಶತ್ರುದೇಶದವರೆಂದು ಅಹಮದ್‌ನಗರದ ಶಿಬಿರದಲ್ಲಿಟ್ಟರು. 1915-16ರಲ್ಲಿ 'ಗೋಲ್ಕೊಂಡ' ಎಂಬ ಹಡಗಿನಲ್ಲಿ ಅವರನ್ನೂ ಮನೆಯವರನ್ನೂ ಸ್ವದೇಶಕ್ಕೆ ಸಾಗಹಾಕಿದರು. ಹೆಂಗಸರು ನಡೆಸುತ್ತಿದ್ದ ಶಾಲೆ, ಕಲಿಸಿ ಬೆಳೆಸಿದ ಹುಡುಗಿಯರು ಇಲ್ಲಿಯೇ ಉಳಿದರು. ಒಂದು ಪುನರ್ಮಿಲನ ಇನ್ನೊಂದು ಅಗಲಿಕೆಯಾಯಿತು. ಇತ್ತೀಚಿನ ವರ್ಷಗಳಲ್ಲಿ ಕಿಟೆಲರ ವಂಶದವರು ಕರ್ನಾಟಕಕ್ಕೆ ಬಂದು, ತಮ್ಮ ಹಿರಿಯರು ದುಡಿದ ಊರುಗಳನ್ನು ನೋಡಿಹೋಗಿದ್ದಾರೆ. ಒಂದು ಶತಮಾನ ತಡವಾಗಿಯಾದರೂ ನಡೆದ ಭೇಟಿ ಅದು.

ಈ ಕತೆಯನ್ನು ಪರದೇಶದವರದೆಂದು ಬದಿಗಿಡುವಂತಿಲ್ಲ. ಇಂದಿಗೂ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಸೀಮೆಯಿಂದ ಮಳೆ ಕೈಕೊಟ್ಟ ವರ್ಷ ಕಾಫಿ ತೋಟಗಳಿಗೆ, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವ ಕುಟುಂಬಗಳಿವೆ. ಮಗುವನ್ನು ಕರೆದೊಯ್ದರೆ ಶಾಲೆ ತಪ್ಪುತ್ತದೆ, ಅಜ್ಜಿಯ ಬಳಿ ಬಿಟ್ಟರೆ ತಾಯಿ ತಪ್ಪುತ್ತಾಳೆ. ಬಾಸೆಲ್ಲಿನ ಸಮಿತಿಯ ಮುಂದಿದ್ದ ಪ್ರಶ್ನೆಯೇ ಇದು. ವ್ಯತ್ಯಾಸವೆಂದರೆ, ಮಿಷನರಿ ತಾನೇ ಒಪ್ಪಿಕೊಂಡ ಕೆಲಸಕ್ಕೆ ಹೊರಟಿದ್ದ, ಅವನ ಮಕ್ಕಳಿಗೆಂದು ಒಂದು ನಿಲಯವಿತ್ತು, ಖರ್ಚಿಗೆ ಚಂದಾ ಎತ್ತುವ ಜನರಿದ್ದರು. ಗುಳೆ ಹೋಗುವವರಿಗೆ ಅಂಥ ಆಯ್ಕೆಯಿಲ್ಲ. ಅವರ ಮಕ್ಕಳು ಶಾಲೆಯನ್ನೂ ತಾಯಿಯನ್ನೂ ಒಟ್ಟಿಗೆ ಪಡೆಯುವಂತೆ ಮಾಡುವ ಹೊಣೆ ನಮ್ಮದೇ.