ಮೈಸೂರಿನಿಂದ ಭಾಗ್ಯನಗರಕ್ಕೆ ಬಂದ ಸ್ವಾಮಿಗಳು

ಪೂಜ್ಯ ಶ್ರೀ ರಂಗನಾಥಾನಂದ ಸ್ವಾಮಿಗಳು 2005ರ ಏಪ್ರಿಲ್ 25ರಂದು ಕೊಲ್ಕತ್ತದಲ್ಲಿ ಮಹಾಸಮಾಧಿ ಹೊಂದಿದರು. ಹೈದರಾಬಾದಿನ ಕನ್ನಡಿಗರಿಗೆ ಅವರು ಎರಡು ಬಗೆಯಲ್ಲಿ ನಮ್ಮವರು. 1908ರಲ್ಲಿ ಕೇರಳದ ತ್ರಿಕ್ಕೂರಿನಲ್ಲಿ ಜನಿಸಿದ ಅವರು 1926ರಲ್ಲಿ ಬಂದು ಸೇರಿದ್ದು ಮೈಸೂರಿನ ಶ್ರೀರಾಮಕೃಷ್ಣಾಶ್ರಮವನ್ನು. ಅಲ್ಲಿ ಅಡುಗೆ ಮಾಡಿದರು, ಪಾತ್ರೆ ತೊಳೆದರು. ಮುಂದೆ ವಿದ್ಯಾರ್ಥಿನಿಲಯವನ್ನು ನೋಡಿಕೊಂಡರು. 1973ರಿಂದ 1993ರವರೆಗೆ ನಮ್ಮೂರಿನ ದೋಮಲಗೂಡದ ಮಠಕ್ಕೆ ಅಧ್ಯಕ್ಷರಾಗಿದ್ದು ದೇವಾಲಯ, ಗ್ರಂಥಾಲಯ, ಭಾಷಾಶಾಲೆಗಳನ್ನು ಬೆಳೆಸಿದರು. 1998ರಲ್ಲಿ ರಾಮಕೃಷ್ಣ ಸಂಘದ 13ನೆಯ ಮಹಾಧ್ಯಕ್ಷರಾದರು.

ಮಿಷನ್ನಿಗೆ ಸಂದ ಗಾಂಧಿ ಶಾಂತಿ ಪುರಸ್ಕಾರವನ್ನು ಒಪ್ಪಿಕೊಂಡ ಸ್ವಾಮಿಗಳು, 2000ದಲ್ಲಿ ಪದ್ಮವಿಭೂಷಣ ಬಂದಾಗ ಬೇಡವೆಂದರು. ಅದು ಸಂಸ್ಥೆಗಲ್ಲದೆ ತಮ್ಮೊಬ್ಬರ ಹೆಸರಿಗೆ ಬಂದುದೇ ಕಾರಣ. ಪಾತ್ರೆ ತೊಳೆಯುತ್ತ ಸೇವೆ ಆರಂಭಿಸಿದವರಿಗೆ ಇದು ಸಹಜವೇ. ಸಂಘ-ಸಂಸ್ಥೆಗಳನ್ನು ನಡೆಸುವ ನಾವು ಅವರ ಭಾವಚಿತ್ರಕ್ಕೆ ಹಾರ ಹಾಕುವಾಗ ಇದೊಂದನ್ನು ಮರೆಯದಿದ್ದರೆ ಸಾಕು.