ವತರಾಸೆ ತೀರದ ಕಾಗದಪತ್ರ

ಮೇಜಿ ಚಕ್ರವರ್ತಿಯ ಆಳ್ವಿಕೆಯ ಜಪಾನಿನಲ್ಲಿ, ಟೋಕಿಯೊ ನಗರಕ್ಕೆ ಉತ್ತರದ ತೋಚಿಗಿ ಬೆಟ್ಟಸೀಮೆಯಲ್ಲಿ, ಆಶಿಯೊ ಎಂಬ ತಾಮ್ರದ ಗಣಿ ಇತ್ತು. ಹಿಂದೆ ಶೋಗನರೆಂಬ ಸೇನಾಧಿಪತಿಗಳು ಆಳುತ್ತಿದ್ದ ಕಾಲದಲ್ಲಿ ಮೆರೆದು ಆಮೇಲೆ ಬರಿದಾದಂತಿದ್ದ ಅದನ್ನು 1877ರಲ್ಲಿ ಫುರುಕಾವಾ ಇಚಿಬೆಯಿ ಎಂಬ ವರ್ತಕ ಕೊಂಡುಕೊಂಡ. ಕೆಲವೇ ವರ್ಷಗಳಲ್ಲಿ ಅದಿರಿನ ಹೊಸ ಎಳೆಗಳು ಸಿಕ್ಕವು. ತಾಮ್ರ ಹಡಗೇರಿ ಪರದೇಶಕ್ಕೆ ಹೋಯಿತು, ಹಣ ಬಂತು, ಆ ಹಣದಲ್ಲಿ ನಾಡು ಯಂತ್ರಗಳನ್ನೂ ತೋಪುಗಳನ್ನೂ ಕೊಂಡಿತು. ಗಣಿಯ ಕಸ ಮಾತ್ರ ಅಲ್ಲೇ ಉಳಿಯಿತು. ಕುಲುಮೆಯ ಗಂಧಕದ ಹೊಗೆಗೆ ಬೆಟ್ಟದ ಮರಗಳು ಒಣಗಿದವು. ಉಳಿದವನ್ನು ಸೌದೆಗೂ ಸುರಂಗದ ಆಸರೆಗಂಬಗಳಿಗೂ ಕಡಿದರು. ಬೋಳುಬೆಟ್ಟದ ಮಳೆನೀರು ಅದಿರಿನ ಪುಡಿಯನ್ನು ಹೊತ್ತು ವತರಾಸೆ ನದಿಗೆ ಇಳಿಯತೊಡಗಿತು.

ಆ ನದಿಯ ನೆರೆಗೆ ಬಯಲಿನ ರೈತರು ಹಿಂದೆ ಅಷ್ಟಾಗಿ ಅಂಜಿದವರಲ್ಲ. ಕಾಡಿನ ಕೊಳೆತ ಎಲೆಯೆಲ್ಲ ಮೆಕ್ಕಲಾಗಿ ಬಂದು ಗದ್ದೆಯ ಮೇಲೆ ಕೂತರೆ ಮುಂದಿನ ಬೆಳೆಗೆ ಬೇರೆ ಗೊಬ್ಬರವೇ ಬೇಕಿರಲಿಲ್ಲ. 1880ರ ದಶಕದಲ್ಲಿ ಮೊದಲು ಮೀನುಗಳು ಸತ್ತು ತೇಲಿದವು. 1890ರ ಮಹಾಪೂರ ಇಳಿದ ಮೇಲೆ ನೋಡಿದರೆ ಅದೇ ಮೆಕ್ಕಲು ಬಿದ್ದ ಕಡೆ ಭತ್ತ ಏಳಲಿಲ್ಲ.

ಮುಂದಿನದು ಕಾಗದಗಳ ಕಥೆ. ಹಳ್ಳಿಯವರು ಹೊಲದ ಮಣ್ಣು ಕಟ್ಟಿಕೊಂಡು ಹೋಗಿ, ಪರೀಕ್ಷಿಸಿ ಕೊಡಿ ಎಂದು ಸರ್ಕಾರದ ಭೂವಿಜ್ಞಾನ ಕಚೇರಿಯನ್ನು ಕೇಳಿದರು. ಆಗುವುದಿಲ್ಲ ಎಂಬ ಜವಾಬು ಬಂತು. ಅವರು ಬಿಡಲಿಲ್ಲ, ಟೋಕಿಯೊದ ಕೃಷಿ ಕಾಲೇಜಿನ ಬಾಗಿಲು ತಟ್ಟಿದರು. ಅಲ್ಲಿನ ಸಹಾಯಕ ಪ್ರಾಧ್ಯಾಪಕ ಕೊಜಾಯಿ ಯೋಶಿನಾವೊ ಮಣ್ಣನ್ನು ಪರೀಕ್ಷಿಸಿ, ಹಾನಿಗೆ ಕಾರಣ ತಾಮ್ರದ ಸಂಯುಕ್ತಗಳೇ ಎಂದು 1891ರಲ್ಲಿ ಬರೆದುಕೊಟ್ಟ. ಸರ್ಕಾರದ ಸಂಬಳ ಉಣ್ಣುವ ವಿಜ್ಞಾನಿಯ ಕೈಬರಹ ಹೀಗೆ ರೈತರ ಕೈಸೇರಿತು. ಅದೇ ವರ್ಷ ನದೀತೀರದ ಸ್ಥಿತಿಗತಿ ವಿವರಿಸಿ ಊರವರು ಒಂದು ಪುಸ್ತಿಕೆ ಅಚ್ಚುಹಾಕಿಸಿದರು. ಅದರ ಮಾರಾಟಕ್ಕೆ ನಿಷೇಧ ಬಿತ್ತು.

ತನಾಕಾ ಶೋಜೋ ರಂಗಕ್ಕೆ ಬಂದದ್ದು ಆಗ. ಹಳ್ಳಿಯ ಮುಖಂಡನ ಮನೆತನದವನು, ತಾನೂ ಆ ಹುದ್ದೆ ನಡೆಸಿದವನು, ಯೌವನದಲ್ಲೇ ಸೆರೆಮನೆ ಕಂಡವನು, ಪ್ರಾಂತದ ಸಭೆಯ ಅಧ್ಯಕ್ಷನಾಗಿದ್ದವನು. 1890ರಲ್ಲಿ ಜಪಾನಿನ ಮೊಟ್ಟಮೊದಲ ಸಂಸತ್ತಿಗೆ ಆರಿಸಿ ಬಂದ. ಹೊಸ ಸಂವಿಧಾನ ಪ್ರಜೆಗೆ ಕೊಟ್ಟದ್ದು ಕಡಿಮೆ. ಆದರೆ 30 ಸದಸ್ಯರ ಬೆಂಬಲವಿದ್ದರೆ ಮಂತ್ರಿಗೆ ಲಿಖಿತ ಪ್ರಶ್ನೆ ಹಾಕಬಹುದಿತ್ತು, ಸಭೆಯ ನಡಾವಳಿ ಅಚ್ಚಾಗುತ್ತಿತ್ತು. ಕಚೇರಿಯ ಕಡತ ಯಾರಿಗೂ ಸಿಗದ ಕಾಲದಲ್ಲಿ ಸರ್ಕಾರದಿಂದ ಸಹಿ ಹಾಕಿದ ಒಂದು ಮಾತನ್ನು ಹೊರಡಿಸಲು ಇದ್ದ ಸಂದು ಅದೊಂದೇ. ತನಾಕಾ ಹತ್ತು ವರ್ಷ ಆ ಸಂದಿನಲ್ಲೇ ಕೈಹಾಕಿ ಜಗ್ಗಿದ.

1891ರ ಡಿಸೆಂಬರಿನಲ್ಲಿ ಆತ ಕೇಳಿದ್ದು ಇಷ್ಟು: ಪ್ರಜೆಯ ಆಸ್ತಿಗೆ ಕೈಹಚ್ಚಬಾರದೆಂದು ಸಂವಿಧಾನದ 27ನೇ ವಿಧಿ ಹೇಳುತ್ತದೆ, ಸಾರ್ವಜನಿಕ ಹಿತಕ್ಕೆ ಕೇಡಾದರೆ ಗಣಿಯ ಪರವಾನಗಿ ರದ್ದುಮಾಡಬಹುದೆಂದು ಕಾನೂನಿದೆ, ಮತ್ತೇಕೆ ಸುಮ್ಮನಿದ್ದೀರಿ? ಉತ್ತರ ಕೊಡಬೇಕಾದವನು ಕೃಷಿ ಮತ್ತು ವಾಣಿಜ್ಯ ಮಂತ್ರಿ ಮುತ್ಸು ಮುನೆಮಿತ್ಸು. ಅವನ ಎರಡನೆಯ ಮಗ ಗಣಿಯ ಒಡೆಯ ಫುರುಕಾವಾನಿಗೆ ದತ್ತುಹೋಗಿದ್ದ ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಅಷ್ಟರಲ್ಲಿ ಸಂಸತ್ತು ವಿಸರ್ಜನೆಯಾಯಿತು. ಆಮೇಲೆ ಬಂದ ಉತ್ತರದ ಸಾರ ಹೀಗಿತ್ತು: ಹಾನಿಯಾಗಿರುವುದು ನಿಜ, ಕಾರಣ ಇನ್ನೂ ಗೊತ್ತಾಗಿಲ್ಲ, ತಜ್ಞರು ಪರೀಕ್ಷಿಸುತ್ತಿದ್ದಾರೆ, ಗಣಿಯವರು ಅದಿರಿನ ಪುಡಿ ಹಿಡಿಯುವ ಯಂತ್ರಗಳನ್ನು ವಿದೇಶದಿಂದ ತರಿಸುತ್ತಿದ್ದಾರೆ. ಕೊಜಾಯಿಯ ಕಾಗದ ರೈತರ ಪೆಟ್ಟಿಗೆಯಲ್ಲಿತ್ತು. ಮಂತ್ರಿಗೆ ಕಾರಣ ಗೊತ್ತಿರಲಿಲ್ಲ. ಕಾರಣ ಗೊತ್ತಿಲ್ಲದ ಮೇಲೆ ಯಂತ್ರ ತರಿಸುವುದು ಯಾತಕ್ಕೆ ಎಂದು ಓದಿದವರಿಗೆ ಯಾರಿಗಾದರೂ ಹೊಳೆಯಬೇಕು.

ಯಂತ್ರ ಬಂತು, ಅದರ ಬೆನ್ನಿಗೇ ಕರಾರುಪತ್ರವೂ ಬಂತು. ಅಧಿಕಾರಿಗಳ ಮಧ್ಯಸ್ಥಿಕೆಯಲ್ಲಿ ಹಳ್ಳಿಹಳ್ಳಿಗೂ ಪುಡಿಗಾಸು ಹಂಚಿ ರುಜು ಹಾಕಿಸಿಕೊಂಡರು. ಯಂತ್ರದ ಪರೀಕ್ಷೆ ನಡೆಯುವ 1896ರ ಜೂನ್‌ವರೆಗೆ ದೂರು ಕೊಡುವಂತಿಲ್ಲ, ದಾವೆ ಹೂಡುವಂತಿಲ್ಲ. ಆ ಗಡುವು ಮುಗಿಯುವ ಮುನ್ನವೇ, 1895ರಲ್ಲಿ, ‘ಶಾಶ್ವತ ರಾಜಿ’ ಎಂಬ ಇನ್ನೊಂದು ಬಗೆಯ ಪತ್ರ ಹುಟ್ಟಿತು: ಇನ್ನು ಮೇಲೆ ಏನೇ ಆದರೂ ಎಂದೆಂದಿಗೂ ಬಾಯಿಬಿಡುವುದಿಲ್ಲ ಎಂದು. 1896ರ ಸೆಪ್ಟೆಂಬರಿನ ಪ್ರವಾಹ ಯಂತ್ರವನ್ನೂ ಲೆಕ್ಕಿಸಲಿಲ್ಲ, ಪತ್ರವನ್ನೂ ಲೆಕ್ಕಿಸಲಿಲ್ಲ.

1897ರ ಮಾರ್ಚ್‌ನಲ್ಲಿ ರೈತರು ಸಾವಿರಗಟ್ಟಲೆ ರಾಜಧಾನಿಗೆ ನಡೆದರು. ಸರ್ಕಾರ ತನಿಖಾ ಸಮಿತಿ ಮಾಡಿತು, ಮೇ ತಿಂಗಳಲ್ಲಿ 37 ಅಂಶಗಳ ಕಟ್ಟಪ್ಪಣೆ ಹೊರಟಿತು: ಸೋಸುವ ಕೊಳ ಕಟ್ಟಿ, ಹೊಗೆಯ ಗಂಧಕ ಕಳೆಯಿರಿ, ತಪ್ಪಿದರೆ ಗಣಿ ಬಂದ್. ಈ ಅಪ್ಪಣೆಯ ಜಾರಿ ನೋಡಿಕೊಂಡ ಟೋಕಿಯೊ ಗಣಿ ಕಚೇರಿಯ ಮುಖ್ಯಸ್ಥ ಮಿನಾಮಿ ತೆಯಿಜೋ ಮುಂದೆ ಅದೇ ಆಶಿಯೊ ಗಣಿಯ ಮುಖ್ಯಾಧಿಕಾರಿಯಾಗಿ ಹೋದ. ಮೇಜಿನ ಆಚೆ ಬದಿಗೂ ಈಚೆ ಬದಿಗೂ ಕೂತವನು ಒಬ್ಬನೇ.

1900ರ ಫೆಬ್ರವರಿ 13ರಂದು ಮತ್ತೆ ರಾಜಧಾನಿಗೆ ಹೊರಟ ರೈತರನ್ನು ಕಾವಾಮಾತಾ ಎಂಬಲ್ಲಿ ಪೊಲೀಸರು ತಡೆದು ಬಡಿದರು. 51 ಜನರ ಮೇಲೆ ಮೊಕದ್ದಮೆ ಹೂಡಲಾಯಿತು. ನಾಲ್ಕು ದಿನದ ಮೇಲೆ ತನಾಕಾ ಸಂಸತ್ತಿನಲ್ಲಿ ಎದ್ದುನಿಂತು, ಪ್ರಜೆಯನ್ನು ಕೊಲ್ಲುವುದೆಂದರೆ ರಾಜ್ಯವನ್ನೇ ಕೊಲ್ಲುವುದು, ನಾಡು ಆಗಲೇ ಹಾಳಾಗಿದೆ, ಇದು ಸರ್ಕಾರಕ್ಕೆ ಗೊತ್ತಿಲ್ಲವೇ ಎಂದು ಪ್ರಶ್ನಿಸಿದ. ಪ್ರಧಾನಿ ಯಾಮಗಾತಾ ಅರಿತೊಮೊ ಕೊಟ್ಟ ಲಿಖಿತ ಉತ್ತರ ಒಂದೆರಡು ಸಾಲಿನದು: ಪ್ರಶ್ನೆಯ ತಾತ್ಪರ್ಯ ತಿಳಿಯುವುದಿಲ್ಲ, ಆದ್ದರಿಂದ ಉತ್ತರಿಸುವುದಿಲ್ಲ. ಅದಕ್ಕೂ ಯಥಾವಿಧಿ ‘ಇದು ಉತ್ತರ’ ಎಂಬ ಒಕ್ಕಣೆ ಇತ್ತು. ಆ ಕಾಲದ ಆಡಳಿತವನ್ನು ಅಳೆಯಲು ನನಗೆ ಈ ಕಾಗದಕ್ಕಿಂತ ಉತ್ತಮವಾದ ದಾಖಲೆ ಕಾಣದು.

ಮೊಕದ್ದಮೆಯ ಗತಿಯೂ ವಿಚಿತ್ರ. ಸರ್ಕಾರಿ ವಕೀಲನ ವಾದ ಕೇಳುತ್ತ ತನಾಕಾ ಆಕಳಿಸಿದ. ಅದು ಅಧಿಕಾರಿಗೆ ಅಪಮಾನವೆಂದು ಕೊನೆಗೆ ಆತನಿಗೆ ಸುಮಾರು ನಲವತ್ತು ದಿನ ಸೆರೆವಾಸವಾಯಿತು. ರೈತರ ಮೇಲಿನ ಖಟ್ಲೆ ಮೇಲಿನ ಕೋರ್ಟು ಹತ್ತಿ ಇಳಿದು, 1902ರಲ್ಲಿ ವಜಾ ಆಯಿತು. ಕಾರಣ, ಆರೋಪಪತ್ರದಲ್ಲಿ ಸರ್ಕಾರಿ ವಕೀಲನ ಸ್ವಂತ ರುಜು ಇರಲಿಲ್ಲ! ಆ ಹೊತ್ತಿಗೆ ತನಾಕಾ ಸಂಸತ್ತಿನ ಸ್ಥಾನ ಬಿಟ್ಟಾಗಿತ್ತು.

1901ರ ಡಿಸೆಂಬರ್ 10. ಸಂಸತ್ತಿನ ಪ್ರಾರಂಭೋತ್ಸವ ಮುಗಿಸಿ ಚಕ್ರವರ್ತಿಯ ಸಾರೋಟು ಹಿಂದಿರುಗುತ್ತಿತ್ತು. ಅರುವತ್ತು ವರ್ಷದ ತನಾಕಾ ಗುಂಪಿನಿಂದ ಹೊರನುಗ್ಗಿ, ಬಿನ್ನವತ್ತಳೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಓಡಿದ. ತಡೆಯಲು ಬಂದ ರಾವುತ ಕುದುರೆಯ ಸಮೇತ ಉರುಳಿದ, ತನಾಕಾ ಎಡವಿಬಿದ್ದ, ಸಾರೋಟು ನಿಲ್ಲದೆ ಸಾಗಿತು. ಆ ಬಿನ್ನವತ್ತಳೆಯನ್ನು ಬರೆದುಕೊಟ್ಟವನು ಪತ್ರಕರ್ತ ಕೋತೊಕು ಶೂಸುಯಿ. ಆ ನುಣುಪಾದ ಗದ್ಯ ತನಾಕಾನಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ತಾನೇ ಅಲ್ಲಲ್ಲಿ ತಿದ್ದಿ, ತಿದ್ದಿದ ಕಡೆಯೆಲ್ಲ ತನ್ನ ಮುದ್ರೆ ಒತ್ತಿದ. ತಲೆ ಹೋಗಬಹುದಾದ ಕೆಲಸಕ್ಕೆ ಹೊರಟವನು ಕಾಗದದ ಶಿಸ್ತು ತಪ್ಪಲಿಲ್ಲ. ಸರ್ಕಾರ ಅವನನ್ನು ಹುಚ್ಚನೆಂದು ಅದೇ ದಿನ ಬಿಟ್ಟುಬಿಟ್ಟಿತು. ವಿಚಾರಣೆಯಾದರೆ ಬಿನ್ನಹವನ್ನು ಕೋರ್ಟಿನಲ್ಲಿ ಓದಬೇಕಾಗುತ್ತಿತ್ತಲ್ಲ. ಆದರೆ ಪತ್ರಿಕೆಗಳು ಅದನ್ನು ಅಚ್ಚುಹಾಕಿದವು, ವಿದ್ಯಾರ್ಥಿಗಳು ತಂಡತಂಡವಾಗಿ ಹಳ್ಳಿಗಳನ್ನು ನೋಡಲು ಬಂದರು.

ಎರಡನೆಯ ತನಿಖಾ ಸಮಿತಿ ವಿಷದ ಮಾತನ್ನು ನೆರೆಯ ಮಾತಾಗಿ ತಿರುಗಿಸಿತು: ನದಿಯ ಕೆಳಗಡೆ ನೀರು ನಿಲ್ಲಿಸಲು ಕೆರೆಯೊಂದು ಬೇಕು. ಮುಳುಗಬೇಕಾದ ಊರು ಯಾನಾಕಾ. 1904ರ ಡಿಸೆಂಬರಿನಲ್ಲಿ ತೋಚಿಗಿ ಪ್ರಾಂತಸಭೆ ನಡುರಾತ್ರಿಯ ರಹಸ್ಯ ಕಲಾಪದಲ್ಲಿ ಊರನ್ನು ಕೊಳ್ಳುವ ಹಣಕ್ಕೆ ಒಪ್ಪಿಗೆ ಕೊಟ್ಟಿತು. ಲೆಕ್ಕದಲ್ಲಿ ಅದನ್ನು ನೆರೆಹಾನಿಯ ಕಾಮಗಾರಿಯ ಬಾಬತ್ತಿಗೆ ಹಾಕಿದರು. 1907ರಲ್ಲಿ ಕದಲದೆ ಉಳಿದಿದ್ದ 16 ಮನೆಗಳನ್ನು ಕೆಡವಿದರು. ಅರಹಾತಾ ಕಾನ್ಸೊನ್ ಎಂಬ ಇಪ್ಪತ್ತರ ಹುಡುಗ ಆ ಊರು ಅಳಿದ ಇತಿಹಾಸವನ್ನು ಬಿಸಿಬಿಸಿಯಾಗಿ ಬರೆದು ಅದೇ ವರ್ಷ ಪ್ರಕಟಿಸಿದ. ಹೊರಬಂದ ಕೂಡಲೇ ನಿಷೇಧವಾಯಿತು.

ತನಾಕಾ 1913ರಲ್ಲಿ ತೀರಿಕೊಂಡ. ಗಣಿ 1973ರವರೆಗೆ ನಡೆಯಿತು. ಅದರ ಮರುವರ್ಷ, ನದೀತೀರದ ರೈತರ ಮಕ್ಕಳು ಮೊಮ್ಮಕ್ಕಳು ಸರ್ಕಾರದ ಮಾಲಿನ್ಯ ವ್ಯಾಜ್ಯ ಮಂಡಳಿಯ ಮುಂದೆ ಕೂತು 155 ಕೋಟಿ ಯೆನ್ ಪರಿಹಾರ ಪಡೆದರು. ತಿದ್ದುಪಡಿಯ ಮುದ್ರೆಗಳಿರುವ ಆ ಬಿನ್ನವತ್ತಳೆ ಈಗ ತನಾಕಾನ ತವರಾದ ಸಾನೋ ನಗರದ ವಸ್ತುಸಂಗ್ರಹಾಲಯದಲ್ಲಿದೆ. 2014ರಲ್ಲಿ ಅಲ್ಲಿಗೆ ಬಂದ ಚಕ್ರವರ್ತಿ ಅಕಿಹಿತೊ, ತಮ್ಮ ಮುತ್ತಜ್ಜನ ವಿಳಾಸಕ್ಕೆ ಬರೆದಿದ್ದ ಕಾಗದವನ್ನು ನೋಡಿದರು.